ಎದ್ದು ಹೋದ ಮೇಲೂ ಓಡುವ ಪ್ರೋಸೆಸ್‌ಗಳು

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ 20 ಮಾನಿಟರ್‌ಗಳಿದ್ದರೂ ನಿಜವಾದ ಕಂಪ್ಯೂಟರ್ ಒಂದೇ. ಅದು ಮೂಲೆಯ ಸಣ್ಣ ಕೋಣೆಯಲ್ಲಿರುವ ಲಿನಕ್ಸ್ ಸರ್ವರ್. ನಮ್ಮ ಮುಂದಿರುವ ಪುಟ್ಟ ಪೆಟ್ಟಿಗೆಗೆ ಥಿನ್ ಕ್ಲೈಂಟ್ ಎನ್ನುತ್ತಾರೆ. ನಾವು ಒತ್ತಿದ ಕೀಲಿಯನ್ನು ಸರ್ವರ್‌ಗೆ ಮುಟ್ಟಿಸುವುದು, ಅಲ್ಲಿಂದ ಬಂದ ಚಿತ್ರವನ್ನು ತೋರಿಸುವುದು, ಇಷ್ಟೇ ಅದರ ಕೆಲಸ. ನಾವು ಬರೆಯುವ ಪೈಥಾನ್ ಪ್ರೋಗ್ರಾಮ್, ತೆರೆಯುವ ಫೈರ್‌ಫಾಕ್ಸ್, ಅಕೌಂಟೆನ್ಸಿಯ ಸ್ಪ್ರೆಡ್‌ಶೀಟ್, ಎಲ್ಲವೂ ಓಡುವುದು ಆ ಒಂದೇ ಯಂತ್ರದ ಮೆಮೊರಿಯಲ್ಲಿ.

ಬೆಲ್ ಹೊಡೆದ ಕೂಡಲೇ ಅನೇಕರು ಪೆಟ್ಟಿಗೆಯ ಸ್ವಿಚ್ ಆರಿಸಿ ಹೊರಡುತ್ತಾರೆ. ಪರದೆ ಕಪ್ಪಾಗುವುದರಿಂದ ಎಲ್ಲ ಮುಗಿಯಿತು ಅನಿಸುತ್ತದೆ. ಆದರೆ ಲಾಗ್‌ಔಟ್ ಮಾಡದಿದ್ದರೆ, ಆ ವಿದ್ಯಾರ್ಥಿ ಹೋದ ವಿಷಯ ಸರ್ವರ್‌ಗೆ ತಿಳಿಯುವುದೇ ಇಲ್ಲ. ಬಾಡಿಗೆ ಅಂಗಡಿಯ ಶಟರ್ ಎಳೆದು ಊರಿಗೆ ಹೋದರೆ ಬಾಡಿಗೆ ನಿಲ್ಲುತ್ತದೆಯೇ? ಕೀಲಿ ಮಾಲೀಕನ ಕೈಗೆ ಬರುವವರೆಗೂ ಲೆಕ್ಕ ಏರುತ್ತಲೇ ಇರುತ್ತದೆ. ಕಾಮರ್ಸ್‌ನವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಪ್ರೋಸೆಸ್ ಎಂದು ಹೆಸರು. ಅದಕ್ಕೊಂದು ಸಂಖ್ಯೆ, ಒಬ್ಬ ಒಡೆಯ, ಅದನ್ನು ಹುಟ್ಟಿಸಿದ ಒಂದು ತಾಯಿ ಪ್ರೋಸೆಸ್ ಇರುತ್ತವೆ. ಕೆಲವು ಪುಟ ತೆರೆದಿಟ್ಟ ಒಂದು ಬ್ರೌಸರ್ 500 ಎಂಬಿ ಹಿಡಿಯುತ್ತದೆ ಎಂದುಕೊಳ್ಳಿ. ಬೆಳಗಿನ ಬ್ಯಾಚಿನ 12 ಜನ ಹಾಗೇ ಬಿಟ್ಟು ಹೋದರೆ 6 ಜಿಬಿ ಖಾಲಿ ಕುರ್ಚಿಗಳ ಪಾಲಾಗುತ್ತದೆ. ಮಧ್ಯಾಹ್ನದ ಬ್ಯಾಚ್ ಬಂದಾಗ ಸರ್ವರ್ ಮೊದಲು ನಿಧಾನವಾಗುತ್ತದೆ. ಮೆಮೊರಿ ಪೂರ್ತಿ ಮುಗಿದರೆ ಲಿನಕ್ಸ್ ತಾನೇ ಒಂದು ಪ್ರೋಸೆಸನ್ನು ಆರಿಸಿ ಕೊಲ್ಲುತ್ತದೆ. ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದದ್ದೇ ಬಲಿಯಾಗುವುದು. ಅದರ ಮುಂದೆ ಯಾರಾದರೂ ಕುಳಿತಿದ್ದಾರೋ ಇಲ್ಲವೋ ಎಂದು ಅದು ನೋಡುವುದಿಲ್ಲ.

ಕಳೆದ ತಿಂಗಳು ಪ್ರಥಮ ಪಿಯುಸಿಯ ಒಬ್ಬ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಗ ಅವಳ ಬ್ರೌಸರ್ ಇದ್ದಕ್ಕಿದ್ದಂತೆ ಮಾಯವಾಯಿತು. ಮತ್ತೆ ಒಳಗೆ ಹೋಗಲು ಒಟಿಪಿ ಬೇಕು. ಒಟಿಪಿ ಬರುವ ಫೋನ್ ಅವಳ ಅಬ್ಬಾನ ಜೇಬಿನಲ್ಲಿ, ಅಬ್ಬಾ ಲಾರಿಯಲ್ಲಿ, ಲಾರಿ ಹೆದ್ದಾರಿಯಲ್ಲಿ. ಅರ್ಜಿ ಹೋದದ್ದು ಎರಡು ದಿನ ಬಿಟ್ಟು. ಆ ಹೊತ್ತು ಮೆಮೊರಿ ತಿಂದವರು ಯಾರೂ ಲ್ಯಾಬಿನಲ್ಲೇ ಇರಲಿಲ್ಲ. ಖರ್ಚು ಮಾಡಿದವರೊಬ್ಬರು, ಡೆಬಿಟ್ ಆದದ್ದು ಇನ್ನೊಬ್ಬರ ಖಾತೆಗೆ.

ಉಳಿದ ಪ್ರೋಸೆಸ್ ಒಡೆಯನಿಗೂ ತೊಂದರೆ ಕೊಡುತ್ತದೆ. ಮರುದಿನ ಬೇರೆ ಟರ್ಮಿನಲ್‌ನಲ್ಲಿ ಕುಳಿತು ಫೈರ್‌ಫಾಕ್ಸ್ ಒತ್ತಿದರೆ, ಅದು ಈಗಾಗಲೇ ಓಡುತ್ತಿದೆ, ಉತ್ತರಿಸುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಇದು ವೈರಸ್ ಅಲ್ಲ. ನಿನ್ನೆಯ ಫೈರ್‌ಫಾಕ್ಸ್ ನಿಮ್ಮ ಪ್ರೊಫೈಲ್‌ಗೆ ಹಾಕಿದ ಬೀಗವನ್ನು ಇನ್ನೂ ತೆಗೆದಿಲ್ಲ.

ಸರಿ, ಹಾಗಾದರೆ ಸಂಜೆ ಎಲ್ಲವನ್ನೂ ಕೊಂದುಬಿಟ್ಟರಾಯಿತಲ್ಲ ಎಂದು ನನ್ನ ಗೆಳೆಯರು ಹೇಳುತ್ತಾರೆ. ಅಷ್ಟು ಸುಲಭವಿಲ್ಲ. ಯಾವುದು ಉಳಿಕೆ, ಯಾವುದು ಯಾರದೋ ಕೆಲಸ ಎಂದು ಮೊದಲು ಬೇರ್ಪಡಿಸಬೇಕು.

ಇದಕ್ಕೆ ಎರಡು ಕಮ್ಯಾಂಡ್ ಸಾಕು. 'ಹೂ' ಎಂದರೆ ಈಗ ಲಾಗಿನ್ ಆಗಿರುವವರ ಪಟ್ಟಿ ಬರುತ್ತದೆ (ಮುಡಿಯುವ ಹೂ ಅಲ್ಲ, ಇಂಗ್ಲಿಷಿನ 'ಯಾರು'). 'ಪಿಎಸ್' ಎಂದರೆ ಪ್ರೋಸೆಸ್‌ಗಳ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿದ ಹಾಗೇ. ಎರಡನೆಯದರಲ್ಲಿ ಹೆಸರಿದ್ದು ಮೊದಲನೆಯದರಲ್ಲಿ ಇಲ್ಲದವರ ಪ್ರೋಸೆಸ್‌ಗಳ ಮೇಲೆ ಅನುಮಾನ ಪಡಬಹುದು. ಸಾಮಾನ್ಯ ಬಳಕೆದಾರರ ಸಂಖ್ಯೆ ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ 1000ದಿಂದ ಶುರುವಾಗುತ್ತದೆ. ಅದಕ್ಕಿಂತ ಕೆಳಗಿನವು ಸರ್ವರ್‌ನ ಸ್ವಂತ ಕೆಲಸಗಾರರು, ಅವನ್ನು ಮುಟ್ಟಬಾರದು.

ಸ್ವಿಚ್ ಆರಿಸಿ ಹೋದವರ ಕಥೆ ಬೇರೆ. ಅವರ ಹೆಸರು 'ಹೂ' ಪಟ್ಟಿಯಲ್ಲೂ ಉಳಿದಿರಬಹುದು, ಏಕೆಂದರೆ ಸರ್ವರ್‌ನ ಲೆಕ್ಕದಲ್ಲಿ ಅವರಿನ್ನೂ ಇಲ್ಲೇ ಇದ್ದಾರೆ. ಹೆಸರಿನ ಮುಂದೆ ಕುರ್ಚಿ ಖಾಲಿಯೋ ಎಂದು ಯಾವ ಕಮ್ಯಾಂಡೂ ಹೇಳುವುದಿಲ್ಲ, ಎದ್ದು ಹೋಗಿ ನೋಡಬೇಕು.

ಮತ್ತೊಂದು ಗುರುತನ್ನು ಕೆಲವರು ಹೇಳುತ್ತಾರೆ. ತಾಯಿ ಪ್ರೋಸೆಸ್ ಸತ್ತು ಮಗು ಉಳಿದರೆ ಅದು ಅನಾಥ, ನಮ್ಮ ಮನೆಯ ಉರ್ದುವಿನಲ್ಲಿ ಯತೀಮ್. ಲಿನಕ್ಸ್ ಅದನ್ನು ಬೀದಿಗೆ ಬಿಡುವುದಿಲ್ಲ. ಸಾಮಾನ್ಯವಾಗಿ 1ನೇ ಸಂಖ್ಯೆಯ ಪ್ರೋಸೆಸ್ ಅದನ್ನು ದತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ತಾಯಿಯ ಜಾಗದಲ್ಲಿ 1 ಎಂದಿದ್ದರೆ ಕೊಲ್ಲಬಹುದು ಎಂಬುದು ಅವರ ವಾದ. ನನಗೆ ಇದು ಅಪಾಯಕಾರಿ ಅನಿಸುತ್ತದೆ. ಸರ್ವರ್‌ನ ಎಷ್ಟೋ ಮುಖ್ಯ ಸೇವೆಗಳಿಗೂ ತಾಯಿ ಆ 1ನೇ ಪ್ರೋಸೆಸ್ಸೇ. ಅಲ್ಲದೆ ಕೆಲವರು ಬೇಕೆಂದೇ ಕೆಲಸವನ್ನು ಹಿಂದೆ ಬಿಟ್ಟು ಹೋಗುತ್ತಾರೆ. 'ನೋಹಪ್', 'ಸ್ಕ್ರೀನ್', 'ಟಿಮಕ್ಸ್' ಇರುವುದೇ ಅದಕ್ಕಾಗಿ. ನಮ್ಮ ಲ್ಯಾಬಿನಲ್ಲೂ ಅಂಕಪಟ್ಟಿಗಳ ಬ್ಯಾಕಪ್ ರಾತ್ರಿ ಓಡುವುದು ಒಬ್ಬ ಸರ್ ಹೆಸರಿನಲ್ಲಿ, ಅವರು ಮನೆಗೆ ಹೋದ ಮೇಲೆ.

ಪಟ್ಟಿಯಲ್ಲಿ ಝಾಂಬಿ ಎಂದು ಕಂಡರೆ ಹೆದರಬೇಡಿ. ಅದು ಈಗಾಗಲೇ ಸತ್ತಿದೆ, ಮೆಮೊರಿ ತಿನ್ನುವುದಿಲ್ಲ, ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಸತ್ತದ್ದನ್ನು ಮತ್ತೆ ಕೊಲ್ಲಲು ಆಗುವುದಿಲ್ಲ.

ಕೊಲ್ಲುವ ಕಮ್ಯಾಂಡಿನ ಹೆಸರು 'ಕಿಲ್' ಆದರೂ ಅದು ಮಾಡುವುದು ಸಂಕೇತ ಕಳಿಸುವ ಕೆಲಸ. ಏನೂ ಹೇಳದಿದ್ದರೆ 15ನೇ ಸಂಕೇತ ಹೋಗುತ್ತದೆ. ಅದು ನೋಟಿಸ್ ಇದ್ದಂತೆ: ಪ್ರೋಗ್ರಾಮ್ ಫೈಲ್ ಮುಚ್ಚಿ, ಬೀಗ ತೆಗೆದು ಹೊರಡಲು ಅವಕಾಶ ಸಿಗುತ್ತದೆ. 9ನೇ ಸಂಕೇತದಲ್ಲಿ ಅದಿಲ್ಲ. ಪ್ರೋಗ್ರಾಮಿಗೆ ಗೊತ್ತೇ ಆಗದಂತೆ ಕರ್ನೆಲ್ ಅದನ್ನು ಮುಗಿಸುತ್ತದೆ, ಅರ್ಧ ಬರೆದ ಫೈಲ್ ಅರ್ಧವಾಗಿಯೇ ಉಳಿಯುತ್ತದೆ. ಸಿನಿಯರ್‌ಗಳಿಂದ ಕಲಿತು ಎಲ್ಲದಕ್ಕೂ ನೇರವಾಗಿ 9 ಹೊಡೆಯುವುದು ನಮ್ಮಲ್ಲಿ ಒಂದು ಸ್ಟೈಲ್ ಆಗಿದೆ. ಮೊದಲು 15 ಕಳಿಸಿ, ಹತ್ತು ಸೆಕೆಂಡ್ ಕಾಯಿರಿ. ಆಮೇಲೂ ಕದಲದಿದ್ದರೆ 9. ನಿಮ್ಮದಲ್ಲದ ಪ್ರೋಸೆಸ್‌ಗೆ ಸಂಕೇತ ಕಳಿಸಲು ಲಿನಕ್ಸ್ ನಿಮಗೆ ಬಿಡುವುದಿಲ್ಲ, ಅದು ರೂಟ್‌ನ ಅಧಿಕಾರ, ಅಂದರೆ ನಮ್ಮಲ್ಲಿ ಲ್ಯಾಬ್ ಸರ್ ಕೈಯಲ್ಲಿದೆ. ನಿಮ್ಮದೇ ಹಳೆಯ ಫೈರ್‌ಫಾಕ್ಸನ್ನು ನೀವೇ ತೆಗೆಯಬಹುದು. 'ಪಿಎಸ್' ಪಟ್ಟಿಯಲ್ಲಿ ಅದರ ಸಂಖ್ಯೆ ಹುಡುಕಿ 'ಕಿಲ್' ಮುಂದೆ ಬರೆದರೆ ಸಾಕು.

ಲಾಗ್‌ಔಟ್ ಆದಾಗ ಎಲ್ಲವನ್ನೂ ತಾನಾಗಿಯೇ ತೆಗೆಯುವ ವ್ಯವಸ್ಥೆಯೂ ಇದೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಆ 1ನೇ ಪ್ರೋಸೆಸ್ 'ಸಿಸ್ಟಮ್‌ಡಿ'. 2016ರಲ್ಲಿ ಬಂದ ಅದರ 230ನೇ ಆವೃತ್ತಿಯಲ್ಲಿ ಹೀಗೆ ಕೊಲ್ಲುವುದನ್ನೇ ಮೂಲ ನಿಯಮವಾಗಿ ಮಾಡಿದರು. 'ಸ್ಕ್ರೀನ್', 'ಟಿಮಕ್ಸ್' ಬಳಸುವವರು ಜೋರಾಗಿ ವಿರೋಧಿಸಿದರು, ಡೆಬಿಯನ್ ಆ ನಿಯಮವನ್ನು ತನ್ನಲ್ಲಿ ಆಫ್ ಮಾಡಿ ಇಟ್ಟಿತು. ದೊಡ್ಡ ಸಂಶೋಧನಾ ಯಂತ್ರಗಳಿಗೆ ಅವರ ಮಾತು ಸರಿ. ವಿದ್ಯಾರ್ಥಿಗಳ ಲ್ಯಾಬಿಗೆ ಮಾತ್ರ ಅದು ಆನ್ ಇರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾರನ್ನು ಬಿಡಬೇಕು ಎಂಬ ಹೆಸರುಗಳನ್ನು ಅದೇ ಸೆಟ್ಟಿಂಗ್ ಫೈಲಿನಲ್ಲಿ ಬರೆಯಬಹುದು, ಆದ್ದರಿಂದ ಬ್ಯಾಕಪ್‌ಗೆ ಭಯವಿಲ್ಲ. ಆದರೆ ಇದು ಕೆಲಸ ಮಾಡುವುದು ಲಾಗ್‌ಔಟ್ ಆದಾಗ. ಸ್ವಿಚ್ ಆರಿಸಿ ಓಡುವವರ ಹಿಂದೆ ಅದು ಓಡುವುದಿಲ್ಲ.

ಈ ವಾರದಿಂದ ಲ್ಯಾಬ್ ರಿಜಿಸ್ಟರ್‌ನಲ್ಲಿ 'ಲಾಗ್‌ಔಟ್ ಸಮಯ' ಎಂಬ ಹೊಸ ಕಾಲಂ ಬಂದಿದೆ. ರಾತ್ರಿ ಓಡಬೇಕಾದ ಕೆಲಸವಿದ್ದರೆ ಅದೇ ಸಾಲಿನಲ್ಲಿ ಪ್ರೋಸೆಸ್ ಸಂಖ್ಯೆ ಬರೆದು ಲ್ಯಾಬ್ ಸರ್ ಸಹಿ ಪಡೆಯಬೇಕು. ಸಹಿ ಇಲ್ಲದ್ದಕ್ಕೆ ಸಂಜೆ 4:45ಕ್ಕೆ 15ನೇ ಸಂಕೇತ ಹೋಗುತ್ತದೆ.