ಹಳೆಯ ಜೀಪಿನ ಗೇರ್ ಪೆಟ್ಟಿಗೆಗೆ ಯಾವ ಎಣ್ಣೆ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ; ಸಿಜೆ 3ಬಿ ಮೊದಲಾದವು ಆ ವಂಶದವೇ. ಎಂಜಿನ್ ಎಣ್ಣೆಯನ್ನು ನೋಡಿ ಕೊಳ್ಳುವ ರೈತರು ಸಹ ಗೇರ್ ಎಣ್ಣೆಯ ವಿಷಯದಲ್ಲಿ ಅಂಗಡಿಯವನು ಕೊಟ್ಟ ಒಂದೇ ಡಬ್ಬವನ್ನು ಗೇರ್ ಪೆಟ್ಟಿಗೆಗೂ ಆಕ್ಸಲ್‌ಗಳಿಗೂ ಸುರಿಯುವುದುಂಟು. ಬೇಸಾಯಶಾಸ್ತ್ರದವನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಕುಯ್ಲಿನ ಕಾಲದಲ್ಲಿ ಗಾಡಿ ನಿಂತರೆ ಹಣ್ಣು ತೋಟದಲ್ಲೇ ಉಳಿಯುತ್ತದೆ.

ಡಬ್ಬದ ಮೇಲಿನ 80ಡಬ್ಲ್ಯು-90 ಎಂಬ ಅಂಕಿಯು ಎಣ್ಣೆಯ ಮಂದತೆಯನ್ನು ಮಾತ್ರ ತಿಳಿಸುತ್ತದೆ. ಗೊಬ್ಬರದ ಚೀಲದ ತೂಕವನ್ನು ಓದಿದರೆ ಅದರಲ್ಲಿ ಸಾರಜನಕವೆಷ್ಟೆಂದು ತಿಳಿಯುವುದಿಲ್ಲವಷ್ಟೆ? ಇದೂ ಹಾಗೆಯೇ. ಎಣ್ಣೆಗೆ ಬೆರೆಸಿದ ರಾಸಾಯನಿಕಗಳ ಗುಣವನ್ನು ಸೂಚಿಸುವುದು ಜಿಎಲ್-4, ಜಿಎಲ್-5 ಎಂಬ ಗುರುತು. ಅಂದಹಾಗೆ, ಗೇರ್ ಎಣ್ಣೆಯ ಅಳತೆಗೋಲೇ ಬೇರೆ. 90ರ ಗೇರ್ ಎಣ್ಣೆಯು ಬಿಸಿಯಾದಾಗ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ಮಂದವಾಗಿರುತ್ತದೆ.

ಆಕ್ಸಲ್‌ನೊಳಗಿನ ಹೈಪಾಯ್ಡ್ ಹಲ್ಲುಚಕ್ರಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಒತ್ತಿಕೊಂಡು ಜಾರುತ್ತವೆ. ಆ ಒತ್ತಡದಲ್ಲಿ ಬರಿಯ ಎಣ್ಣೆಯ ಪೊರೆ ಹರಿದುಹೋಗುವುದರಿಂದ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಇವು ಉಕ್ಕಿನ ಮೇಲೆ ತೆಳುವಾದ ರಕ್ಷಣಾ ಪದರವನ್ನು ಕಟ್ಟುತ್ತವೆ. ಜಿಎಲ್-5ರಲ್ಲಿ ಇವುಗಳ ಪ್ರಮಾಣ ಜಿಎಲ್-4ಕ್ಕಿಂತ ಸುಮಾರು ಎರಡರಷ್ಟು.

ಆದರೆ ಗೇರ್ ಪೆಟ್ಟಿಗೆಯಲ್ಲಿ ಉಕ್ಕಿನ ಜೊತೆಗೆ ಹಿತ್ತಾಳೆಯೂ ಇದೆ. ಗೇರ್ ಬದಲಾಯಿಸುವಾಗ ಸಿಂಕ್ರೊ ಉಂಗುರವು ತಿರುಗುವ ಚಕ್ರದ ಶಂಕುವನ್ನು ಹಿಡಿದು ಎರಡರ ವೇಗವನ್ನು ಸರಿದೂಗಿಸುತ್ತದೆ. ಸಿಜೆ 3ಬಿಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಎರಡನೆಯ ಮತ್ತು ಮೂರನೆಯ ಗೇರುಗಳಿಗೆ ಈ ಏರ್ಪಾಡಿದೆ. ಎಣ್ಣೆ ಕಾದಾಗ ಚುರುಕಾದ ಗಂಧಕವು ಹಿತ್ತಾಳೆಯಲ್ಲಿನ ತಾಮ್ರದೊಡನೆ ಸೇರಿ ಕಪ್ಪು ಪದರವಾಗುತ್ತದೆ. ಉಜ್ಜಾಟದಲ್ಲಿ ಅದು ಸವೆದು, ಮತ್ತೆ ಹೊಸ ಪದರ ಕಟ್ಟಿ, ಉಂಗುರ ತೆಳ್ಳಗಾಗುತ್ತ ಹೋಗುತ್ತದೆ. ಎಣ್ಣೆ ಅತಿ ಜಾರಾಗಿದ್ದರೂ ಉಂಗುರಕ್ಕೆ ಹಿಡಿತ ಸಿಗದು. ಮೊದಮೊದಲು ಎರಡನೆಯ ಗೇರಿಗೆ ಹಾಕುವಾಗ ಕರಕರ ಸದ್ದು ಕೇಳುತ್ತದೆ. ಆಳುಗಳನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಗೇರು ಕೂಡಿಕೊಳ್ಳದೆ ಗಾಡಿ ನ್ಯೂಟ್ರಲ್‌ನಲ್ಲಿ ಉರುಳಿದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಮೊದಲು ಗಾಡಿಯ ಕೈಪಿಡಿಯನ್ನು ನೋಡತಕ್ಕದ್ದು. ಹಿತ್ತಾಳೆಯ ಉಂಗುರವಿರುವ ಹಳೆಯ ಗೇರ್ ಪೆಟ್ಟಿಗೆಗೆ ಸಾಮಾನ್ಯವಾಗಿ ಜಿಎಲ್-4, ಹೈಪಾಯ್ಡ್ ಆಕ್ಸಲ್‌ಗೆ ಜಿಎಲ್-5 ಸರಿಯಾದದ್ದು. ಹಳೆಯ ಪುಸ್ತಕದಲ್ಲಿ 90ರ ಸಾದಾ ಖನಿಜ ಎಣ್ಣೆ ಎಂದಿರುವಲ್ಲಿ ಜಿಎಲ್-4 ನಡೆಯುತ್ತದೆ. ತಾಮ್ರವನ್ನು ತಿನ್ನದಂತೆ ತಯಾರಿಸಿದ ಜಿಎಲ್-5 ಎಣ್ಣೆಗಳೂ ಈಗ ಇವೆ, ನಿಜ. ಆದರೂ ಎರಡು ಬೇರೆ ಡಬ್ಬ ಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಉಂಗುರ ಹಾಕಿಸಲು ಇಡೀ ಪೆಟ್ಟಿಗೆಯನ್ನು ಇಳಿಸಬೇಕು.

ಸದ್ದು ಅಡಗಲೆಂದು 140ರ ಎಣ್ಣೆ ಹಾಕಿಸುವ ರೂಢಿಯೂ ಇದೆ. ಸವೆತ ಅದರಿಂದ ನಿಲ್ಲುವುದಿಲ್ಲ. ಮಲೆನಾಡಿನ ಚಳಿಯ ಬೆಳಗಿನಲ್ಲಿ ಗೇರು ಬಿಗಿಯಾಗುತ್ತದೆ, ಅಷ್ಟೆ. ಮನೆಯಲ್ಲಿ ಮಿಕ್ಕಿರುವ ಟ್ರಾಕ್ಟರಿನ ವೆಟ್ ಬ್ರೇಕ್ ಎಣ್ಣೆಯನ್ನೂ ಸುರಿಯಬಾರದು.

ಈ ಜೀಪುಗಳಲ್ಲಿ ಗೇರ್ ಪೆಟ್ಟಿಗೆಗೂ ಅದರ ಹಿಂದಿನ ಟ್ರಾನ್ಸ್‌ಫರ್ ಪೆಟ್ಟಿಗೆಗೂ ನಡುವೆ ಎಣ್ಣೆ ಹರಿಯುವ ದಾರಿಯಿರುವುದರಿಂದ ಎರಡಕ್ಕೂ ಒಂದೇ ಜಾತಿಯ ಎಣ್ಣೆ ಹಾಕಿ, ಮಟ್ಟವನ್ನು ಎರಡರಲ್ಲೂ ಪರೀಕ್ಷಿಸಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಣ್ಣೆ ಬೆಚ್ಚಗಿರುವಾಗ, ಮೊದಲು ತುಂಬುವ ತಿರುಪನ್ನು ಬಿಚ್ಚಿ. ಅದು ಬಿಚ್ಚಿ ಬಂದ ಮೇಲೆಯೇ ಕೆಳಗಿನದಕ್ಕೆ ಕೈಹಾಕಿ. ಇಲ್ಲವಾದರೆ ಎಣ್ಣೆ ಬಸಿದ ಗಾಡಿಗೆ ಮತ್ತೆ ತುಂಬುವ ದಾರಿಯೇ ಇರದು. ಹೊಸ ಎಣ್ಣೆಯು ತುಂಬುವ ರಂಧ್ರದ ಅಂಚಿಗೆ ಬಂದರೆ ಸಾಕು. ಹಳ್ಳ ದಾಟಿದಾಗ ಬಿಸಿ ಪೆಟ್ಟಿಗೆ ಒಮ್ಮೆಲೇ ತಣಿದು ಗಾಳಿದ್ವಾರದಿಂದಲೋ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಅವಧಿಗೆ ಕಾಯದೆ ಬದಲಾಯಿಸಿ.

ಬಸಿದ ಎಣ್ಣೆಯನ್ನು ಚೆಲ್ಲುವ ಮುನ್ನ ಬಿಸಿಲಿನಲ್ಲಿ ನೋಡಿ. ತಳದ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು; ಸ್ವಲ್ಪ ಇದ್ದೇ ಇರುತ್ತದೆ. ಬಂಗಾರದ ಬಣ್ಣದ ಪುಡಿ ಅಂಟದೆ ಉಳಿದರೆ ಅದು ಉಂಗುರದ್ದೋ ಬುಷ್‌ನದೋ ಲೋಹ. ಹೆಚ್ಚಾಗಿ ಕಂಡುಬಂದಲ್ಲಿ ಕುಯ್ಲಿಗೆ ಮೊದಲೇ ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಿಸುವುದು ಒಳ್ಳೆಯದು.