ಲಡ್ಡು ಕಟ್ಟಿಗೆಯ ಮೇಲಿನ ಕಪ್ಪು ರೋಮ

ಸೊರಬ ತಾಲ್ಲೂಕಿನ ಉಳವಿ ಸುತ್ತಿನ ಕಾನುಗಳಲ್ಲಿ ಬಿದ್ದ ಕೊಂಬೆ ಹೆಕ್ಕಿ ತಂದು, ಅದರ ಮೇಲೆ ಬದುಕುವ ಸೂಕ್ಷ್ಮ ಶಿಲೀಂಧ್ರಗಳಿಗೆ ಹೆಸರು ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. 1868ರ ತಮ್ಮ ಅರಣ್ಯ ವರದಿಯಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಈ ತಾಲ್ಲೂಕಿನಲ್ಲೇ 171 ಕಾನುಗಳನ್ನು ಲೆಕ್ಕಕ್ಕೆ ತಂದಿದ್ದರು. ಅಲ್ಲಿನ ಮರಗಳನ್ನು ಮಣ್ಣಾಗಿಸುವ ಈ ಜೀವಿಗಳೂ ಲೆಕ್ಕಕ್ಕೆ ಬರಬೇಕೆಂಬುದು ನನ್ನ ಆಸೆ.

1. ಕೊಂಬೆ ತರಲು ಪ್ಲಾಸ್ಟಿಕ್ ಚೀಲ ಬೇಡ. ಒಳಗೆಲ್ಲ ಬೆವರಿ, ಬಿಳಿ ಬೂಷ್ಟು ಹಬ್ಬಿ, ಬೇಕಾದದ್ದೇ ಮುಚ್ಚಿಹೋಗುತ್ತದೆ. ಕಾಗದದ ಲಕೋಟೆ ಒಯ್ಯಿರಿ. ತಾರೀಖು, ಕಾನಿನ ಹೆಸರು, ಮರದ ಹೆಸರನ್ನು ಅಲ್ಲೇ ನಿಂತು ಬರೆಯಿರಿ. ತೊಗಟೆ ಉದುರಿದ ಕಟ್ಟಿಗೆ ಮತ್ತಿಯೋ ನಂದಿಯೋ ಎಂದು ತಿಳಿಯದಿದ್ದರೆ ಊರಿನ ಹಿರಿಯರನ್ನು ಕೇಳಿ. ಕತ್ತಿಯಲ್ಲಿ ಒಂದು ಕಚ್ಚು ಹಾಕಿ ನೋಡಿ ಹೇಳುತ್ತಾರೆ.

2. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಬ್ಲಾಟಿಂಗ್ ಪೇಪರ್ ಹಾಸಿ ತುಂಡನ್ನು ಇಡಿ. ಮೊದಲ ವಾರ ಏಳುವ ಹಸಿರು ಬೂಷ್ಟು ಹೆಚ್ಚಾಗಿ ಪೆನಿಸಿಲಿಯಂ ಇಲ್ಲವೇ ಟ್ರೈಕೋಡರ್ಮಾ. ಅದನ್ನು ಕಂಡು ಎಸೆಯಬೇಡಿ. ನಿಧಾನವಾಗಿ ಬರುವವು ತಿಂಗಳ ಮೇಲೂ ಬರುತ್ತವೆ.

3. ಬೀಜಕದ ಆಕಾರ ನೋಡಿ ಹೆಸರಿಡಬೇಡಿ, ಅದು ಹೇಗೆ ಹುಟ್ಟುತ್ತದೆ ನೋಡಿ. ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಒಂದು ಮಳೆಗಾಲ ಲಡ್ಡಾದ, ಅಂದರೆ ಕೊಳೆತ, ಮತ್ತಿ ಕೊಂಬೆಯ ಮೇಲೆ ಮಖಮಲ್ಲಿನಂಥ ಕಪ್ಪು ಮಚ್ಚೆ ಸಿಕ್ಕಿತು. ಸೂಜಿಯಿಂದ ಕೆರೆದು ಗಾಜಿನ ಮೇಲಿಟ್ಟೆ. ಕಂಡದ್ದು ಕಳಚಿಬಿದ್ದ ಬೀಜಕಗಳು ಮಾತ್ರ: ಕಂದುಬಣ್ಣ, ಉದ್ದ, ತುದಿಗೆ ಬಾಲದಂತೆ ಸಪೂರ, ನಡುವೆ ಅಡ್ಡಗೋಡೆಗಳು. ಹೆಲ್ಮಿಂಥೋಸ್ಪೋರಿಯಂ ಎಂದು ಬರೆದುಬಿಟ್ಟೆ. ವಾರದ ನಂತರ ಬ್ಲೇಡಿನಿಂದ ಮರದ ಸಿಬಿರನ್ನೇ ತೆಳ್ಳಗೆ ಸೀಳಿ, ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿ ಇಟ್ಟಾಗ ರೋಮಗಳು, ಅಂದರೆ ಬೀಜಕ ಹೊರುವ ಕಾಂಡಗಳು, ಬುಡಸಮೇತ ಕಂಡವು. ಹೆಲ್ಮಿಂಥೋಸ್ಪೋರಿಯಂ ಆಗಿದ್ದರೆ ಕಾಂಡದ ಮಗ್ಗುಲಲ್ಲಿ ಸಣ್ಣ ರಂಧ್ರಗಳಿದ್ದು, ಅವುಗಳಿಂದ ಬೀಜಕ ಹೊರಬರಬೇಕಿತ್ತು. ಇಲ್ಲಿ ರಂಧ್ರವೇ ಇಲ್ಲ. ತುದಿಯಲ್ಲಿ ಒಂದೇ ಬೀಜಕ. ಅದು ಉದುರಿದಲ್ಲಿಂದ ಕಾಂಡ ಮತ್ತೆ ಮೇಲೆ ಬೆಳೆದು, ಬಿದಿರಿನ ಗಿಣ್ಣಿನಂತೆ ಉಂಗುರಗಳು ಉಳಿದಿದ್ದವು. ಅದು ಸ್ಪೋರಿಡೆಸ್ಮಿಯಂ ಬಗೆಯದು.

4. ಕನಿಷ್ಠ 30 ಬೀಜಕ ಅಳೆಯಿರಿ. ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿ.ಮೀ. ನೂರು ಭಾಗವಾಗಿರುತ್ತದೆ, ಒಂದು ಗೆರೆಗೆ 10 ಮೈಕ್ರಾನ್. ಎಳೆಯ ಬೀಜಕ ಅಳೆದರೆ ಗೋಡೆಗಳ ಎಣಿಕೆಯೇ ತಪ್ಪುತ್ತದೆ.

5. ಪುಸ್ತಕದ ಚಿತ್ರಕ್ಕೆ ಹೋಲಿತೆಂದು ಜಾತಿಯ ಹೆಸರು ಬರೆಯುವ ಆತುರ ಬೇಡ. ಇಂಥ ಕಪ್ಪು ಶಿಲೀಂಧ್ರಗಳ ಕುರಿತ ಎಂ.ಬಿ. ಎಲ್ಲಿಸ್ ಅವರ 1971ರ ಪುಸ್ತಕ ಇಂದಿಗೂ ಮೇಜಿನ ಮೇಲಿರಬೇಕು; ಪಶ್ಚಿಮಘಟ್ಟದ ಸೂಕ್ಷ್ಮ ಶಿಲೀಂಧ್ರಗಳಿಗೆ ಡಿ.ಜೆ. ಭಟ್ಟರ ಕೆಲಸ ನೋಡದೆ ಮುಂದೆ ಹೋಗಬಾರದು. ಆದರೆ ಡಿಎನ್‌ಎ ಪರೀಕ್ಷೆಯಲ್ಲಿ ಸ್ಪೋರಿಡೆಸ್ಮಿಯಂ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ವಂಶದವು ಸೇರಿಕೊಂಡಿರುವುದು ಗೊತ್ತಾಗಿದೆ. ಸೂಕ್ಷ್ಮದರ್ಶಕ ಹೇಳಿದಷ್ಟಕ್ಕೇ ನಿಲ್ಲುವುದು ಪ್ರಾಮಾಣಿಕತನ.

6. ಒಣಗಿಸಿದ ತುಂಡು, ಅಂಚಿಗೆ ನೇಲ್ ಪಾಲಿಶ್ ಹಚ್ಚಿ ಮುಚ್ಚಿದ ಸ್ಲೈಡು, ಕೈಯಲ್ಲಿ ಬಿಡಿಸಿದ ಚಿತ್ರ ಮೂರನ್ನೂ ಒಟ್ಟಿಗೆ ಇಡಿ. ಹೊಸದೆಂದು ಅನಿಸಿದರೆ ಒಂದು ಪಾಲು ಪುಣೆಯ ಅಜ್ರೇಕರ್ ಹರ್ಬೇರಿಯಂನಂಥ ಕಡೆ ಸೇರಬೇಕು. ನನ್ನ ಮತ್ತಿ ಕೊಂಬೆಯ ಲಕೋಟೆಯ ಮೇಲೆ ಹಳೆಯ ಹೆಸರನ್ನು ಅಳಿಸಿಲ್ಲ. ಒಂದು ಗೆರೆ ಎಳೆದು, ಕೆಳಗೆ ಹೊಸದನ್ನು ತಾರೀಖಿನ ಸಮೇತ ಬರೆದಿದ್ದೇನೆ. ಅದರ ಕೆಳಗೆ ಇನ್ನೂ ಎರಡು ಸಾಲಿಗೆ ಜಾಗವಿದೆ.