ಅಂತರ್ಜಾಲದಲ್ಲಿ ಲ್ಯಾಟೆಕ್ಸ್ ಹಾಸಿಗೆ: ಮಾರಾಟಗಾರನ ವಿಶ್ವಾಸಾರ್ಹತೆಯನ್ನು ಪರಿಶೀಲಿಸುವ ಬಗೆ

ಟೇಕಲ್ ಸುತ್ತಿನ ಕಲ್ಲಿನ ವ್ಯಾಪಾರಿ ದಿಮ್ಮಿಯನ್ನು ಕೊಳ್ಳುವ ಮೊದಲು ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳುತ್ತಾನೆ, ನೀರು ಚಿಮುಕಿಸಿ ಬಿರುಕನ್ನು ಹುಡುಕುತ್ತಾನೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕ್ರೇಟಿನ ಮೇಲ್ಪದರವನ್ನಷ್ಟೇ ನೋಡಿ ಬೆಲೆ ಕೂಗುವವರು ವಿರಳ. ಇಂತಹ ಅನುಭವಿ ವರ್ತಕರೇ ಮೊಬೈಲ್ ಪರದೆಯ ಮೇಲೆ ಕಂಡ ಹಾಸಿಗೆಗೆ ಹದಿನೈದು, ಇಪ್ಪತ್ತು ಸಾವಿರ ರೂಪಾಯಿಗಳನ್ನು ಮುಂಗಡವಾಗಿ ಪಾವತಿಸುವಾಗ ಈ ಎಚ್ಚರವನ್ನು ಬದಿಗಿಡುವುದುಂಟು. ಸರಕನ್ನು ಮುಟ್ಟಿ ನೋಡಲಾಗದೆಂಬುದು ನಿಜ. ಆದರೆ ಮಾರಾಟಗಾರನನ್ನು ಪರೀಕ್ಷಿಸಲು ಸಾಧ್ಯವಿದೆ.

ಲೆಕ್ಕಪರಿಶೋಧನೆಯಲ್ಲಿ ಪುಸ್ತಕದ ನಮೂದನ್ನು ಅದೇ ಪುಸ್ತಕದ ಆಧಾರದಿಂದ ಯಾರೂ ಒಪ್ಪುವುದಿಲ್ಲ. ಹೊರಗಿನ ವೋಚರ್ ಬೇಕು. ಜಾಲತಾಣದ ವಿಷಯದಲ್ಲಿಯೂ ಈ ನಿಯಮವೇ ಸಾಕು. ಮಾರಾಟಗಾರನು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ನಮೂದು ಮಾತ್ರ. ಅವನ ಹಿಡಿತಕ್ಕೆ ಸಿಗದ ಕಡೆ ದಾಖಲಾಗಿರುವುದು, ಇಲ್ಲವೇ ತಕ್ಕಡಿಯ ಮೇಲೆ ತಾನಾಗಿ ತೋರಿಬರುವುದು ವೋಚರ್.

ಮೊದಲು ಸರಕಿನ ವಿಚಾರ. ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲು ಎಂದು ಸಾಮಾನ್ಯರ ತಿಳಿವಳಿಕೆ. ಉದ್ಯಮದಲ್ಲಿ ಪೆಟ್ರೋಲಿಯಂ ಮೂಲದ ಕೃತಕ ರಬ್ಬರಿನ ದ್ರವಕ್ಕೂ ಅದೇ ಹೆಸರು. ಆದ್ದರಿಂದ ‘ಶೇ. 100 ಲ್ಯಾಟೆಕ್ಸ್’ ಎಂಬ ಮಾತಿಗೂ ‘ಶೇ. 100 ನೈಸರ್ಗಿಕ ಲ್ಯಾಟೆಕ್ಸ್’ ಎಂಬ ಮಾತಿಗೂ ಬಹಳ ಅಂತರವಿದೆ. ಮೊದಲನೆಯದನ್ನು ಬರೆದು ಎರಡನೆಯದನ್ನು ಓದುಗರ ಊಹೆಗೆ ಬಿಡುವುದು ಈ ವ್ಯಾಪಾರದ ಹಳೆಯ ಚಾತುರ್ಯ. ಡನ್‌ಲಪ್, ತಾಲಲೇ ಎಂಬ ಹೆಸರುಗಳು ತಯಾರಿಕೆಯ ವಿಧಾನಗಳನ್ನು ಸೂಚಿಸುತ್ತವೆಯೇ ಹೊರತು ಕಚ್ಚಾವಸ್ತುವಿನ ಶುದ್ಧತೆಯನ್ನಲ್ಲ.

ಮತ್ತೊಂದು ಚಾತುರ್ಯ ಪದರದ್ದು. ಮೇಲೆ ಒಂದು ಅಂಗುಲ ಲ್ಯಾಟೆಕ್ಸ್, ಕೆಳಗೆ ಐದು ಅಂಗುಲ ಪಾಲಿಯುರಿಥೇನ್ ಫೋಮ್. ಹೆಸರು ಮಾತ್ರ ಲ್ಯಾಟೆಕ್ಸ್ ಹಾಸಿಗೆ. ಇದನ್ನು ಹಿಡಿಯಲು ಸರಳ ಗಣಿತವಿದೆ. 72 ಅಂಗುಲ ಉದ್ದ, 36 ಅಂಗುಲ ಅಗಲ, 6 ಅಂಗುಲ ದಪ್ಪದ ಹಾಸಿಗೆಯ ಗಾತ್ರ 15,552 ಘನ ಅಂಗುಲ. ಒಂದು ಘನ ಮೀಟರಿಗೆ 61,024 ಘನ ಅಂಗುಲವಾದ್ದರಿಂದ ಅದು 0.255 ಘನ ಮೀಟರ್ ಆಗುತ್ತದೆ. ಡನ್‌ಲಪ್ ವಿಧಾನದ ಲ್ಯಾಟೆಕ್ಸ್ ಫೋಮಿನ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 65ರಿಂದ 95 ಕಿಲೋ; 75 ಎಂದು ಹಿಡಿದರೆ ತಿರುಳಿನ ತೂಕ 19 ಕಿಲೋ ಬರಬೇಕು. ಪಾಲಿಯುರಿಥೇನ್ ಫೋಮಿನದು 32 ಎಂದು ಹಿಡಿದರೆ, ಮೇಲೆ ಹೇಳಿದ ಒಂದು-ಐದರ ಮಿಶ್ರ ಹಾಸಿಗೆ ಸುಮಾರು 10 ಕಿಲೋ ಮಾತ್ರ ತೂಗುತ್ತದೆ. ಹೊದಿಕೆಯ ತೂಕವನ್ನು ಕೂಡಿಸಿದರೂ ಈ ಅಂತರ ಮರೆಯಾಗುವುದಿಲ್ಲ. ತೂಕವನ್ನೂ ಪ್ರತಿ ಪದರದ ದಪ್ಪವನ್ನೂ ಪ್ರಕಟಿಸಲು ಹಿಂಜರಿಯುವ ಮಾರಾಟಗಾರನ ಬಗ್ಗೆ ಇನ್ನೇನನ್ನೂ ವಿಚಾರಿಸಬೇಕಾಗಿಲ್ಲ.

ಹಾಗೆಂದು ಭಾರವೆಲ್ಲ ಶುದ್ಧತೆಯೂ ಅಲ್ಲ. ಸುಣ್ಣಕಲ್ಲಿನ ಪುಡಿಯಂತಹ ಭರ್ತಿಯನ್ನು ಬೆರೆಸಿ ತೂಕ ಏರಿಸುವ ಪದ್ಧತಿಯಿದೆ. ಕಲ್ಲಿನ ಪುಡಿಯ ಮಾತು ಟೇಕಲ್‌ನವರಿಗೆ ಹೊಸದೇನಲ್ಲ. ಪ್ರಯೋಗಾಲಯದಲ್ಲಿ ಬೂದಿಯ ಪ್ರಮಾಣವನ್ನು ಅಳೆದರೆ ಇದು ಬಯಲಾಗುತ್ತದೆ. ಹತ್ತಾರು ಹಾಸಿಗೆಗಳನ್ನು ಕೊಳ್ಳುವ ಮಳಿಗೆಯವರು ಆ ವರದಿಯನ್ನು ಕೇಳಿ ಪಡೆಯಬೇಕು. ಲ್ಯಾಟೆಕ್ಸ್ ಫೋಮ್ ಉತ್ಪನ್ನಗಳಿಗೆ ಐ.ಎಸ್. 1741 ಎಂಬ ಭಾರತೀಯ ಮಾನಕವಿರುವುದರಿಂದ, ಅದರ ಪ್ರಕಾರ ಪರೀಕ್ಷೆ ಆಗಿದೆಯೇ ಎಂಬ ಪ್ರಶ್ನೆಯೂ ಉಚಿತವೇ.

ಪ್ರಮಾಣಪತ್ರಗಳ ಮುದ್ರೆಗಳನ್ನು ಕಂಡೊಡನೆ ಸಮಾಧಾನಪಡುವುದು ತರವಲ್ಲ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಹಾನಿಕಾರಕ ರಾಸಾಯನಿಕಗಳ ಪರೀಕ್ಷೆ. ಕೃತಕ ವಸ್ತುವಿಗೂ ಅದು ದೊರೆಯಬಹುದು. ಗೋಲ್ಸ್ ಎಂಬುದು ಸಾವಯವ ಲ್ಯಾಟೆಕ್ಸ್‌ಗೆ ಸಂಬಂಧಿಸಿದ್ದು. ಐ.ಎಸ್.ಒ. 9001 ಕಾರ್ಯವಿಧಾನದ ಪ್ರಮಾಣಪತ್ರವೇ ಹೊರತು ಸರಕಿನದಲ್ಲ. ಉದ್ಯಮ್ ನೋಂದಣಿಯಂತೂ ಸ್ವಯಂ ಘೋಷಣೆ. ಮುದ್ರೆಯ ಕೆಳಗೆ ಸಂಖ್ಯೆಯಿರಬೇಕು. ಆ ಸಂಖ್ಯೆಯನ್ನು ಪ್ರಮಾಣಪತ್ರ ನೀಡಿದ ಸಂಸ್ಥೆಯ ತಾಣದಲ್ಲಿಯೇ ಪರಿಶೀಲಿಸಿ, ಯಾರ ಹೆಸರಿನಲ್ಲಿ, ಯಾವ ದಿನಾಂಕದವರೆಗೆ ಇದೆಯೆಂದು ನೋಡಬೇಕು. ಅಮೆರಿಕದಲ್ಲಿ 2013ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇಕೋಬೇಬಿ ಆರ್ಗಾನಿಕ್ಸ್ ಎಂಬ ಹಾಸಿಗೆ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಸಾವಯವ ಹಾಸಿಗೆ ಉದ್ಯಮದ ರಾಷ್ಟ್ರೀಯ ಸಂಘವೆಂಬ ಹೆಸರಿನ ಮುದ್ರೆಯನ್ನು ಕಂಪನಿ ಪ್ರದರ್ಶಿಸುತ್ತಿತ್ತು. ಆ ಸಂಘವೆಂಬುದು ಕಂಪನಿಯದೇ ಇನ್ನೊಂದು ರೂಪವೆಂಬುದು ಆಯೋಗದ ಆರೋಪವಾಗಿತ್ತು. ತನ್ನ ವೋಚರಿಗೆ ತಾನೇ ಸಹಿ ಹಾಕಿಕೊಂಡಂತೆ!

ಗ್ರಾಹಕರ ಅಭಿಪ್ರಾಯಗಳ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಕ್ಯಾಸ್ಪರ್ ಎಂಬ ಹಾಸಿಗೆ ಕಂಪನಿ 2016ರಲ್ಲಿ ಕೆಲವು ವಿಮರ್ಶಾ ತಾಣಗಳ ಮೇಲೆ ಮೊಕದ್ದಮೆ ಹೂಡಿತು; ಮರುವರ್ಷ ಅವುಗಳಲ್ಲೊಂದು ಬೇರೆಯವರ ಕೈಗೆ ಹೋದಾಗ ಖರೀದಿಗೆ ಹಣದ ನೆರವು ಒದಗಿಸಿದ್ದು ಅದೇ ಕ್ಯಾಸ್ಪರ್. ನಮ್ಮಲ್ಲಿ ಐ.ಎಸ್. 19000:2022 ಎಂಬ ಮಾನಕ ಬಂದಿದೆಯಾದರೂ, ಹೊಗಳಿಕೆಗಿಂತ ದೂರುಗಳನ್ನು ಓದುವುದೇ ಲೇಸು. ಎರಡು ವರ್ಷ ಬಳಸಿದ ಮೇಲೆ ಬರೆದವರ ಮಾತಿಗೆ ಹೆಚ್ಚು ಬೆಲೆ.

ಇನ್ನು ಮಾರಾಟಗಾರನ ಗುರುತು. ಹೊರರಾಜ್ಯದಿಂದ ಟೇಕಲ್‌ಗೆ ಸರಕು ಮಾರುವವನಿಗೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಹದಿನೈದು ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ್ದು: ಕರ್ನಾಟಕ 29, ಕೇರಳ 32, ತಮಿಳುನಾಡು 33. ಮುಂದಿನ ಹತ್ತು ಅಕ್ಷರಗಳು ಪ್ಯಾನ್. ಜಿ.ಎಸ್.ಟಿ. ತಾಣದಲ್ಲಿ ಲಾಗಿನ್ ಇಲ್ಲದೆಯೇ ಈ ಸಂಖ್ಯೆಯನ್ನು ಹುಡುಕಿದರೆ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ಸದ್ಯದ ಸ್ಥಿತಿ, ಸಲ್ಲಿಸಿದ ನಮೂನೆಗಳ ವಿವರ ದೊರೆಯುತ್ತವೆ. ‘ನಮ್ಮದೇ ಕಾರ್ಖಾನೆ’ ಎಂದು ಸಾರುವವನು ಅಲ್ಲಿ ಬರೀ ಚಿಲ್ಲರೆ ವ್ಯಾಪಾರಿಯೆಂದು ದಾಖಲಾಗಿದ್ದರೆ, ಇಲ್ಲವೇ ಅವನು ನಮೂದಿಸಿದ ಸರಕುಗಳಲ್ಲಿ ಹಾಸಿಗೆಯ 9404 ಎಂಬ ಶೀರ್ಷಿಕೆಯೇ ಇರದಿದ್ದರೆ, ವಿವರಣೆ ಕೇಳಬೇಕು. ನೋಂದಣಿಯಿದ್ದ ಮಾತ್ರಕ್ಕೆ ಪ್ರಾಮಾಣಿಕನೆಂದಲ್ಲ. ನಕಲಿ ನೋಂದಣಿಗಳ ವಿರುದ್ಧ 2023ರ ಮೇ 16ರಿಂದ ಎರಡು ತಿಂಗಳ ದೇಶವ್ಯಾಪಿ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಆದ್ದರಿಂದ ನಮೂನೆಗಳನ್ನು ತಿಂಗಳು ತಿಂಗಳೂ ಸಲ್ಲಿಸಿರುವ ಇತಿಹಾಸಕ್ಕೆ ಹೆಚ್ಚು ತೂಕ.

ಖಾತರಿಯ ವಿಷಯವನ್ನು ಇಲ್ಲಿಯೇ ಸೇರಿಸಿ ನೋಡಬೇಕು. ಒಂದೂವರೆ ವರ್ಷದ ಹಿಂದೆ ಹುಟ್ಟಿದ ಸಂಸ್ಥೆ ಹದಿನೈದು ವರ್ಷಗಳ ಖಾತರಿ ಕೊಡುತ್ತದೆಂದರೆ ಆ ಹೊಣೆಯನ್ನು ಹೊರುವವರು ಯಾರು? ಕಂಪನಿಯಾದರೆ ಅದರ ಅಢಾವೆ ಪತ್ರಿಕೆಯನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅಲ್ಪ ಶುಲ್ಕಕ್ಕೆ ಪಡೆಯಬಹುದು. ಲೆಕ್ಕಪತ್ರ ಮಾನಕ 29ರ ಪ್ರಕಾರ, ಮಾರಿದ ಸರಕಿನ ಖಾತರಿಗಾಗಿ ಬರಬಹುದಾದ ವೆಚ್ಚಕ್ಕೆ ಪ್ರಾವಿಷನ್ ಮಾಡಬೇಕು. ಜಾಹೀರಾತಿನಲ್ಲಿ ದೀರ್ಘ ಖಾತರಿ, ಲೆಕ್ಕದಲ್ಲಿ ಅದಕ್ಕೆ ಚಿಕ್ಕಾಸೂ ಇಲ್ಲವೆಂದರೆ ಆ ಖಾತರಿಯನ್ನು ಕಂಪನಿಯೇ ಗಂಭೀರವಾಗಿ ಪರಿಗಣಿಸಿಲ್ಲವೆಂದು ಶಂಕಿಸಬಹುದು. ಬ್ರಾಂಡ್ ಬೇರೆ, ಹೊಣೆಗಾರ ಬೇರೆ ಎಂಬುದೂ ನೆನಪಿರಲಿ. 1962ರಿಂದ ಕರ್ನಾಟಕದಲ್ಲಿ ಮನೆಮಾತಾಗಿದ್ದ ಕರ್ಲಾನ್ ಸಹ 2023ರಲ್ಲಿ ಶೀಲಾ ಫೋಮ್ ಕಂಪನಿಯ ಒಡೆತನಕ್ಕೆ ಸೇರಿತು. ಬಿಲ್ಲಿನಲ್ಲಿ ಮುದ್ರಿತವಾದ ಕಾನೂನುಬದ್ಧ ಹೆಸರೇ ಖಾತರಿ ಪತ್ರದಲ್ಲಿಯೂ ಇರಬೇಕು.

ವರ್ತಕರು ಎಡವುವುದು ಸಾಮಾನ್ಯವಾಗಿ ಮುಂದಿನ ಅಂಶದಲ್ಲಿ. ಮನೆಗೆ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ತಾವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಕೋಲಾರದ ಆಯೋಗದಲ್ಲಿಯೇ, ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂ.ವರೆಗಿನ ಖರೀದಿಗೆ ಶುಲ್ಕವಿಲ್ಲ. ಮರುಮಾರಾಟಕ್ಕೆ ಕೊಂಡವರು ಗ್ರಾಹಕರಲ್ಲ. ಅವರಿಗೆ ಉಳಿಯುವುದು 1930ರ ಸರಕು ಮಾರಾಟ ಅಧಿನಿಯಮ ಮತ್ತು ಸಿವಿಲ್ ನ್ಯಾಯಾಲಯ. ಮನೆಯ ಹಾಸಿಗೆಗೆ ಅಂಗಡಿಯ ಜಿ.ಎಸ್.ಟಿ. ಸಂಖ್ಯೆಯನ್ನು ಕೊಟ್ಟು ಬಿಲ್ ಪಡೆಯುವವರಿಗಂತೂ ಎರಡು ಕಡೆಯೂ ನಷ್ಟ: ಸ್ವಂತ ಬಳಕೆಯ ಸರಕಿಗೆ ತೆರಿಗೆ ಜಮೆ ಇಲ್ಲ, ಮೇಲಾಗಿ ‘ಇದು ವಾಣಿಜ್ಯ ಖರೀದಿ’ ಎಂಬ ವಾದವನ್ನು ಎದುರಾಳಿಯ ಕೈಗೆ ತಾವೇ ಇತ್ತಂತಾಗುತ್ತದೆ.

ಮಾರಲು ತಲಾ 15,000 ರೂ.ಗಳ ಹತ್ತು ಹಾಸಿಗೆ ತರಿಸಿದರೆ ಶೇ. 18ರಂತೆ ತೆರಿಗೆಯೇ 27,000 ರೂ. ಮಾರಾಟಗಾರನ ಬಿಲ್ ನಮೂನೆ 2ಬಿಯಲ್ಲಿ ಕಾಣಿಸದಿದ್ದರೆ, 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ ಆ ಜಮೆ ಸಿಗುವುದಿಲ್ಲ. (ದಿನಬಾಡಿಗೆ 7,500 ರೂ. ಮೀರದ ಕೊಠಡಿಗಳಿಗೆ ಶೇ. 5 ತೆರಿಗೆ ಕಟ್ಟುವ ವಸತಿಗೃಹದವರಿಗೆ 2025ರ ಸೆಪ್ಟೆಂಬರ್ 22ರಿಂದ ಜಮೆಯ ಅವಕಾಶವೇ ಇಲ್ಲ.)

ಆದ್ದರಿಂದ ಹಣ ಕಳುಹಿಸುವ ಮೊದಲು ಇ-ಮೇಲ್ ಮೂಲಕ ತೂಕ, ಸಾಂದ್ರತೆ, ಪದರಗಳ ದಪ್ಪ, ನೈಸರ್ಗಿಕ ಲ್ಯಾಟೆಕ್ಸ್‌ನ ಪ್ರಮಾಣ ಇವುಗಳನ್ನು ಕೇಳಬೇಕು. ‘100 ರಾತ್ರಿಗಳ ಪರೀಕ್ಷೆ’ಯ ನಂತರ ಟೇಕಲ್‌ನಿಂದ ಹಿಂತಿರುಗಿಸುವ ಸಾಗಣೆ ವೆಚ್ಚ ಯಾರದೆಂಬುದನ್ನೂ ಕೇಳಬೇಕು. ಲಿಖಿತ ಉತ್ತರ ಬಂದರೆ ಅದು ವಿವರಣೆಯ ಮೇಲಿನ ಮಾರಾಟವಾಗಿ, ಸರಕು ಆ ವಿವರಣೆಗೆ ಹೊಂದಲೇಬೇಕೆಂಬ ಷರತ್ತು ಏರ್ಪಡುತ್ತದೆ. ಯು.ಪಿ.ಐ. ಪರದೆಯಲ್ಲಿ ಕಾಣುವ ಹೆಸರು ಬಿಲ್ಲಿನ ಹೆಸರಿಗೆ ಹೊಂದದೆ ಯಾವುದೋ ವ್ಯಕ್ತಿಯ ಖಾತೆಯದಾಗಿದ್ದರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಹಣ ಹೋದ ಮೇಲೆ ವಂಚನೆಯೆಂದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಸರಕು ಬಂದ ದಿನ ಸುರುಳಿ ಕಟ್ಟನ್ನು ಕತ್ತರಿಸುವ ಮೊದಲೇ ತೂಗಿ ಛಾಯಾಚಿತ್ರ ತೆಗೆದಿಡಬೇಕು. ನಿರ್ವಾತದಲ್ಲಿ ಸುತ್ತಿದ ಹಾಸಿಗೆ ಒಮ್ಮೆ ಬಿಚ್ಚಿಕೊಂಡರೆ ಮತ್ತೆ ಆ ಕಟ್ಟಿಗೆ ಸೇರದು. ಕೊರಿಯರ್ ರಸೀದಿಯಲ್ಲಿರುವುದು ಕೆಲವೊಮ್ಮೆ ಗಾತ್ರದಿಂದ ಲೆಕ್ಕ ಹಾಕಿದ ತೂಕ, ಅದನ್ನು ನಂಬಲಾಗದು. ವ್ಯತ್ಯಾಸ ಕಂಡರೆ ಅಂದೇ ಲಿಖಿತವಾಗಿ ತಿಳಿಸಬೇಕು, ಏಕೆಂದರೆ ಸಮಂಜಸ ಕಾಲ ಮೀರಿ ಸುಮ್ಮನೆ ಇಟ್ಟುಕೊಂಡ ಸರಕನ್ನು ಕಾನೂನು ಒಪ್ಪಿಕೊಂಡ ಸರಕೆಂದೇ ಎಣಿಸುತ್ತದೆ.